ಎರಡು ಲಕೋಟೆ, ಒಂದು ಆಯಿಲ್ ಫಿಲ್ಟರ್

ಸಾಹಿತ್ಯದ ಬಳಗವೊಂದರ ಪುಟದಲ್ಲಿ ಕಾರಿನ ಆಯಿಲ್ ಫಿಲ್ಟರಿನ ಕುರಿತು ಬರೆಯುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ಹೊರನಾಡಿನಲ್ಲಿ ನೆಲೆಸಿದ ನಮ್ಮಂಥವರಿಗೆ ಕಾರೆಂಬುದು ಊರಿನ ಬಾಗಿಲೂ ಹೌದು. ಪುಣೆಯಿಂದ ಧಾರವಾಡಕ್ಕೆ, ಹೈದರಾಬಾದಿನಿಂದ ಕಲಬುರಗಿಗೆ, ಮುಂಬಯಿಯಿಂದ ಕರಾವಳಿಗೆ, ಚೆನ್ನೈಯಿಂದ ಕೋಲಾರದ ಕಡೆಗೆ ವರ್ಷಕ್ಕೊಮ್ಮೆ ಇಲ್ಲವೆ ಎರಡು ಬಾರಿ ಹಿರಿಯರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಹೊರಡುತ್ತೇವೆ. ಹೊರಡುವ ಮುನ್ನ ಚಕ್ರದ ಗಾಳಿ ನೋಡುತ್ತೇವೆ, ಫಾಸ್ಟ್ಯಾಗಿನಲ್ಲಿ ಹಣವಿದೆಯೇ ಎಂದು ನೋಡುತ್ತೇವೆ, ಎಸಿ ತಣ್ಣಗಾಗುತ್ತದೆಯೇ ಎಂದು ನೋಡುತ್ತೇವೆ. ಅಷ್ಟೂ ದಾರಿ ಇಂಜಿನ್ನಿನ ಎಣ್ಣೆಯನ್ನು ಸೋಸುತ್ತ ಕೂರುವ ಆ ಪುಟ್ಟ ಡಬ್ಬಿಯ ಬಗ್ಗೆ ಯಾರೂ ಕೇಳುವುದಿಲ್ಲ. ಅದನ್ನು ಯಾರು ಆರಿಸಿದರು, ಏನನ್ನು ನೋಡಿ ಆರಿಸಿದರು, ಎಂದು ಬದಲಾಯಿಸಿದರು ಎಂಬುದಕ್ಕೆ ನಮ್ಮಲ್ಲಿ ಹೆಚ್ಚಿನವರ ಬಳಿ ಉತ್ತರವಿಲ್ಲ.

ಈ ಆಯ್ಕೆಯ ವಿಷಯದಲ್ಲಿ ನಾನು ಕಂಡಂತೆ ಮೂರು ಪಂಥಗಳಿವೆ. ಮೊದಲನೆಯದು ಶರಣಾಗತಿಯ ಪಂಥ: ಕಂಪನಿಯ ಸರ್ವಿಸ್ ಸೆಂಟರಿನವರು ಏನು ಹಾಕಿದರೆ ಅದು. ಎರಡನೆಯದು ಉಳಿತಾಯದ ಪಂಥ: ಎಲ್ಲವೂ ಒಂದೇ ಕಾಗದ, ಒಂದೇ ತಗಡು, ಕಡಮೆಯದು ಕೊಡಪ್ಪಾ ಎನ್ನುವುದು. ಮೂರನೆಯದು ಈಚಿನದು, ಓದಿಕೊಂಡವರದು: ಮೈಕ್ರಾನ್ ಲೆಕ್ಕ ಹಾಕುತ್ತ, ವಿದೇಶಿ ಬ್ರ್ಯಾಂಡುಗಳ ಹೆಸರನ್ನು ಜಪಿಸುತ್ತ, ಫಿಲ್ಟರಿಗೆ ಮೂರು ಪಟ್ಟು ಬೆಲೆ ತೆರುವುದು. ಮೂವರೂ ತಮ್ಮ ತಮ್ಮ ರೀತಿಯಲ್ಲಿ ಒಂದೇ ಕೆಲಸದಿಂದ ತಪ್ಪಿಸಿಕೊಳ್ಳುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಆ ಕೆಲಸವೆಂದರೆ ಹೋಲಿಕೆ. ಹೋಲಿಸಬೇಕಾದರೆ ಯಾವ ಗುಣಗಳನ್ನು ಯಾವ ಕ್ರಮದಲ್ಲಿ ನೋಡಬೇಕೆಂಬುದು ಮೊದಲೇ ನಿಶ್ಚಯವಾಗಿರಬೇಕು.

ಸರ್ಕಾರಿ ಕಚೇರಿಯಲ್ಲಿ ಕಡತ ಹೊತ್ತವರಿಗೆ ಈ ಕ್ರಮ ಹೊಸದಲ್ಲ. ತಾಂತ್ರಿಕವಾಗಿ ಸಂಕೀರ್ಣವಾದ ಸಾಮಗ್ರಿಯನ್ನು ಕೊಳ್ಳುವಾಗ 2017ರ ಸಾಮಾನ್ಯ ಹಣಕಾಸು ನಿಯಮಗಳು ಎರಡು ಲಕೋಟೆಯ ಪದ್ಧತಿಗೆ ಅವಕಾಶ ಕೊಡುತ್ತವೆ. ಮೊದಲ ಲಕೋಟೆಯಲ್ಲಿ ತಾಂತ್ರಿಕ ವಿವರ, ಎರಡನೆಯದರಲ್ಲಿ ಬೆಲೆ. ಮೊದಲನೆಯದರಲ್ಲಿ ತೇರ್ಗಡೆಯಾದವರ ಎರಡನೆಯ ಲಕೋಟೆಯನ್ನು ಮಾತ್ರ ತೆರೆಯಲಾಗುತ್ತದೆ. ಹಾಗೆ ಉಳಿದವರಲ್ಲಿ ಕಡಮೆ ಬೆಲೆ ಕೂಗಿದವನಿಗೆ, ಕಚೇರಿಯ ಭಾಷೆಯಲ್ಲಿ ಎಲ್-1 ಎನಿಸಿಕೊಂಡವನಿಗೆ, ಕೆಲಸ. ಈ ಪದ್ಧತಿಯನ್ನು ನಾವು ಕಚೇರಿಯಲ್ಲಿ ಎಷ್ಟೇ ಬೈದುಕೊಂಡರೂ ಅದರ ಮೂಲದಲ್ಲಿ ಒಂದು ವಿವೇಕವಿದೆ: ಯೋಗ್ಯತೆಯ ಪ್ರಶ್ನೆಯನ್ನೂ ಬೆಲೆಯ ಪ್ರಶ್ನೆಯನ್ನೂ ಒಂದಕ್ಕೊಂದು ಬೆರೆಸಬೇಡ. ಆಯಿಲ್ ಫಿಲ್ಟರ್ ಕೊಳ್ಳಲು ಇದಕ್ಕಿಂತ ಒಳ್ಳೆಯ ಮಾರ್ಗವನ್ನು ನಾನು ಕಂಡಿಲ್ಲ. ಉಳಿತಾಯದ ಪಂಥದವರು ಮೊದಲ ಲಕೋಟೆಯನ್ನು ತೆರೆಯುವುದೇ ಇಲ್ಲ. ಮೈಕ್ರಾನ್ ಪಂಥದವರು ಎರಡನೆಯದನ್ನು ತೆರೆಯುವುದಿಲ್ಲ. ಶರಣಾಗತರು ಎರಡನ್ನೂ ಮುಚ್ಚಿದಂತೆಯೇ ಹಿಂದಿರುಗಿಸುತ್ತಾರೆ.

ಮೊದಲ ಲಕೋಟೆಯನ್ನು ತೆರೆಯುವ ಮುನ್ನ ಆ ಡಬ್ಬಿಯೊಳಗೆ ಏನಿದೆ ಎಂಬುದನ್ನು ತಿಳಿಯಬೇಕು. ಹೊರಗೆ ತಗಡಿನ ಕವಚ. ತಳದಲ್ಲಿ ದಪ್ಪ ಲೋಹದ ತಟ್ಟೆ. ಅದರ ನಡುವೆ ಇಂಜಿನ್ನಿಗೆ ತಿರುಗಿಸಿ ಕೂರಿಸುವ ಥ್ರೆಡ್ ಇರುವ ದೊಡ್ಡ ತೂತು, ಸುತ್ತಲೂ ಸಣ್ಣ ತೂತುಗಳ ಸಾಲು, ಅಂಚಿನಲ್ಲಿ ರಬ್ಬರಿನ ಗ್ಯಾಸ್ಕೆಟ್. ಪಂಪು ತಳ್ಳಿದ ಎಣ್ಣೆ ಸುತ್ತಲ ಸಣ್ಣ ತೂತುಗಳಿಂದ ಒಳಬಂದು, ಮಡಿಕೆ ಮಡಿಕೆಯಾಗಿ ಜೋಡಿಸಿದ ಕಾಗದವನ್ನು ಹೊರಗಿನಿಂದ ಒಳಕ್ಕೆ ದಾಟಿ, ನಡುವಿನ ಕೊಳವೆಯಿಂದ ಇಂಜಿನ್ನಿಗೆ ಮರಳುತ್ತದೆ. ಕಾಗದವನ್ನು ಹೀಗೆ ಮಡಿಸುವುದು ಸಣ್ಣ ಡಬ್ಬಿಯಲ್ಲಿ ಹೆಚ್ಚು ಮೈಹರವು ಸಿಗಲೆಂದು. ಒಳಗೆ ಎರಡು ಕವಾಟಗಳಿರುತ್ತವೆ. ಒಂದು, ಇಂಜಿನ್ ನಿಂತಾಗ ಎಣ್ಣೆ ಹಿಂದಕ್ಕೆ ಇಳಿದುಹೋಗದಂತೆ ತಡೆಯುವ ರಬ್ಬರಿನ ಪೊರೆ. ಇನ್ನೊಂದು ಬೈಪಾಸ್ ವಾಲ್ವ್: ಕಾಗದ ಕಟ್ಟಿಕೊಂಡಾಗ, ಇಲ್ಲವೆ ಚಳಿಗೆ ಎಣ್ಣೆ ಮಂದವಾಗಿ ಕಾಗದದ ಮೂಲಕ ನುಗ್ಗಲಾರದೆ ಹೋದಾಗ, ಸೋಸದ ಎಣ್ಣೆಯನ್ನೇ ಇಂಜಿನ್ನಿಗೆ ಬಿಡುವ ಬಾಗಿಲು. ಈಗಿನ ಕೆಲವು ಕಾರುಗಳಲ್ಲಿ ಡಬ್ಬಿಯಿಲ್ಲದೆ ಒಳಗಿನ ಕಾಗದದ ಸುರುಳಿಯನ್ನಷ್ಟೇ ಬದಲಿಸುವ ವ್ಯವಸ್ಥೆಯಿದೆ. ಅವುಗಳಲ್ಲಿ ಬೈಪಾಸ್ ಬಾಗಿಲು ಸಾಮಾನ್ಯವಾಗಿ ಇಂಜಿನ್ನಿನ ಕಡೆಯ ಗೂಡಿನಲ್ಲೇ ಇರುತ್ತದೆ.

ಬೈಪಾಸ್ ಬಾಗಿಲಿನ ಹಿಂದಿರುವ ತರ್ಕವನ್ನು ಗಮನಿಸಬೇಕು. ಎಣ್ಣೆಯೇ ಇಲ್ಲದಿದ್ದರೆ ಇಂಜಿನ್ ನಿಮಿಷಗಳಲ್ಲಿ ಕೆಡುತ್ತದೆ. ಕೊಳಕು ಎಣ್ಣೆಯಿದ್ದರೆ ವರ್ಷಗಳಲ್ಲಿ ಕೆಡುತ್ತದೆ. ಎರಡರಲ್ಲಿ ನಿಧಾನದ ಕೇಡನ್ನು ವಿನ್ಯಾಸಕಾರರು ಆರಿಸಿದ್ದಾರೆ. ಅದು ಸರಿಯಾದ ಆಯ್ಕೆಯೇ. ಆದರೆ ಅದರ ಪರಿಣಾಮವಾಗಿ ಕೆಟ್ಟ ಫಿಲ್ಟರ್ ತನ್ನ ಕೆಟ್ಟತನವನ್ನು ಎಂದೂ ಹೇಳಿಕೊಳ್ಳುವುದಿಲ್ಲ. ಮುಂದಿನ ಫಲಕದಲ್ಲಿ ಉರಿಯುವ ಎಣ್ಣೆಯ ಕೆಂಪು ದೀಪ ಒತ್ತಡವನ್ನು ಮಾತ್ರ ತಿಳಿಸುತ್ತದೆ, ಶುದ್ಧಿಯನ್ನಲ್ಲ. ಕಾಗದ ಹರಿದಿದ್ದರೂ, ಅಂಟು ಬಿಟ್ಟಿದ್ದರೂ, ಬೈಪಾಸಿನ ಸ್ಪ್ರಿಂಗ್ ಸಡಿಲವಾಗಿ ಸದಾ ತೆರೆದೇ ಇದ್ದರೂ ದೀಪ ಉರಿಯದು, ಕಾರು ಎಂದಿನಂತೆ ಓಡುತ್ತದೆ. ಬ್ರೇಕ್ ಕೆಟ್ಟರೆ ಕಾಲಿಗೆ ತಿಳಿಯುತ್ತದೆ, ಬ್ಯಾಟರಿ ಸೊರಗಿದರೆ ಬೆಳಗಿನ ಸದ್ದು ತಿಳಿಸುತ್ತದೆ. ಫಿಲ್ಟರಿನ ಸಮಾಚಾರ ತಿಳಿಯುವುದು ಬೇರಿಂಗು ಸವೆದು ಸದ್ದು ಮಾಡತೊಡಗಿದ ಮೇಲೆ, ಎಷ್ಟೋ ವೇಳೆ ಕಾರು ಎರಡನೆಯ ಮಾಲೀಕನ ಕೈ ಸೇರಿದ ಮೇಲೆ. ಬಳಸಿ ನೋಡಿ ತಿಳಿದುಕೊಳ್ಳುತ್ತೇನೆ ಎಂಬ ಮಾತು ಇಲ್ಲಿ ಸಲ್ಲದು. ಕೊಳ್ಳುವ ಮೊದಲೇ ವಿಚಾರ ಮಾಡಬೇಕಾದ ವಸ್ತುವಿದು.

ಇನ್ನು ಮೊದಲ ಲಕೋಟೆ. ಇದರಲ್ಲಿ ನಾಲ್ಕು ಪ್ರಶ್ನೆಗಳಿವೆ.

ಮೊದಲ ಪ್ರಶ್ನೆ: ಇದು ನನ್ನ ಇಂಜಿನ್ನಿಗೆ ಹೊಂದುವುದೇ? ಕೈಯಲ್ಲಿ ಹಿಡಿದಾಗ ಒಂದೇ ಅಳತೆಯ ಎರಡು ಡಬ್ಬಿಗಳು ಒಂದೇ ಆಗಿರಬೇಕಿಲ್ಲ. ನಮ್ಮ ರಸ್ತೆಯ ಕಾರುಗಳಲ್ಲಿ ಎಂ20 × 1.5 ಎಂಬ ಮೆಟ್ರಿಕ್ ಥ್ರೆಡ್ಡೂ ಇದೆ, 3/4 ಇಂಚಿನ ಥ್ರೆಡ್ಡೂ ಇದೆ. ಮುಕ್ಕಾಲು ಇಂಚು ಎಂದರೆ 19.05 ಮಿಲಿಮೀಟರ್. ಇಪ್ಪತ್ತಕ್ಕೂ ಅದಕ್ಕೂ ಇರುವ ಅಂತರ ಒಂದು ಮಿಲಿಮೀಟರಿಗಿಂತ ಕಡಮೆ. ಮುಕ್ಕಾಲಿಂಚಿನ ಕಾಂಡಕ್ಕೆ ಇಪ್ಪತ್ತರ ಫಿಲ್ಟರನ್ನು ಕೂರಿಸಿದರೆ ಹಲ್ಲಿಗೆ ಹಲ್ಲು ಪೂರ್ತಿ ಕಚ್ಚದೆಯೂ ಅದು ಕೂತಂತೆ ಕಾಣಬಹುದು. ಒತ್ತಡ ಏರಿದಾಗ ಕಳಚಿಕೊಂಡು ಎಣ್ಣೆಯೆಲ್ಲ ರಸ್ತೆಗೆ ಸುರಿಯಬಹುದು. ಗ್ಯಾಸ್ಕೆಟ್ಟಿನ ವ್ಯಾಸ, ಬೈಪಾಸ್ ತೆರೆಯುವ ಒತ್ತಡ ಇವೂ ಇಂಜಿನ್ನಿಗೆ ತಕ್ಕಂತಿರಬೇಕು. ಆದ್ದರಿಂದ ‘ನಿಮ್ಮ ಗಾಡಿಗೂ ಇದೇ ಆಗುತ್ತೆ ಸಾರ್’ ಎಂಬ ಬಾಯಿಮಾತನ್ನು ನಂಬದೆ, ಕಾರಿನ ಮಾದರಿ, ವರ್ಷ, ಇಂಜಿನ್ ಇವುಗಳಿಗೆ ಸರಿಯಾದ ಪಾರ್ಟ್ ನಂಬರನ್ನು ತಯಾರಕರ ಪಟ್ಟಿಯಲ್ಲಿ ನೋಡಿಕೊಂಡೇ ಅಂಗಡಿಗೆ ಹೋಗಬೇಕು. ಇದರಲ್ಲಿ ಸೋತ ಫಿಲ್ಟರ್ ಉಳಿದ ಗುಣಗಳಲ್ಲಿ ಎಷ್ಟೇ ಶ್ರೇಷ್ಠವಾಗಿದ್ದರೂ ಅನರ್ಹ.

ಎರಡನೆಯ ಪ್ರಶ್ನೆ: ಎಷ್ಟು ಸೋಸುತ್ತದೆ? ಮೈಕ್ರಾನ್ ಪಂಥದ ಗದ್ದಲವೆಲ್ಲ ಇಲ್ಲೇ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್; ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಇಂಜಿನ್ನನ್ನು ಸವೆಸುವ ಕಣಗಳು ಕಣ್ಣಿಗೆ ಕಾಣುವಂಥವಲ್ಲ. ಐದರಿಂದ ಇಪ್ಪತ್ತು ಮೈಕ್ರಾನಿನ ಸುತ್ತಮುತ್ತಲವು ಬೇರಿಂಗಿನ ಎಣ್ಣೆಯ ಪೊರೆಯ ನಡುವೆ ನುಸುಳಿ ಉಜ್ಜುತ್ತವೆ. ‘ನಮ್ಮದು 20 ಮೈಕ್ರಾನ್ ಫಿಲ್ಟರ್’ ಎಂಬ ಜಾಹೀರಾತು ಮಾತ್ರ ಅರ್ಧವಾಕ್ಯ. ಇಪ್ಪತ್ತು ಮೈಕ್ರಾನಿನ ನೂರು ಕಣಗಳು ಬಂದರೆ ಎಷ್ಟನ್ನು ಹಿಡಿಯುತ್ತದೆ ಎಂಬುದನ್ನು ಹೇಳದೆ ಆ ವಾಕ್ಯ ಪೂರ್ಣವಾಗುವುದಿಲ್ಲ. ನೂರಕ್ಕೆ ಐವತ್ತನ್ನು ಹಿಡಿಯುವ ಫಿಲ್ಟರೂ ತಾನು 20 ಮೈಕ್ರಾನಿನದೆಂದು ಹೇಳಿಕೊಳ್ಳಬಹುದು, ತೊಂಬತ್ತೊಂಬತ್ತನ್ನು ಹಿಡಿಯುವುದೂ ಹೇಳಿಕೊಳ್ಳಬಹುದು. ಒಂದರಲ್ಲಿ ಐವತ್ತು ಕಣಗಳು ಪಾರಾಗುತ್ತವೆ, ಇನ್ನೊಂದರಲ್ಲಿ ಒಂದು. ಇದನ್ನು ಅಳೆಯಲು ಐಎಸ್‌ಒ 4548-12 ಎಂಬ ಅಂತರರಾಷ್ಟ್ರೀಯ ಪರೀಕ್ಷಾ ವಿಧಾನವಿದೆ. ಆ ಪರೀಕ್ಷೆಯ ಹೆಸರನ್ನೂ ಕಣದ ಗಾತ್ರವನ್ನೂ ಶೇಕಡಾ ಪ್ರಮಾಣವನ್ನೂ ಒಟ್ಟಿಗೆ ಹೇಳಿದವರ ಮಾತಿಗೆ ಬೆಲೆ ಕೊಡಬೇಕು. ಬರಿಯ ಮೈಕ್ರಾನ್ ಸಂಖ್ಯೆ ಕೂಗುವವರಿಗೆ ಅಂಕ ಕೊಡಬಾರದು.

ಹಾಗೆಂದು ಅತಿ ಸೂಕ್ಷ್ಮವಾಗಿ ಸೋಸುವುದೇ ಪರಮಗುಣವೆಂದೂ ಅಲ್ಲ. ಇದನ್ನು ನಮಗೆ ನಮ್ಮ ಅಡುಗೆಮನೆಯೇ ಕಲಿಸಿದೆ. ಕಾಫಿ ಫಿಲ್ಟರಿಗೆ ತೀರ ನುಣುಪಾದ ಪುಡಿ ಹಾಕಿ ಗಟ್ಟಿಯಾಗಿ ಒತ್ತಿದರೆ ಡಿಕಾಕ್ಷನ್ ಇಳಿಯುವುದೇ ಇಲ್ಲ. ತೀರ ತರಿಯಾಗಿದ್ದರೆ ನೀರಿನಂತೆ ಇಳಿದುಬಿಡುತ್ತದೆ. ಎಣ್ಣೆಯ ಫಿಲ್ಟರಿನಲ್ಲೂ ಹಿಡಿಯುವ ಶಕ್ತಿ, ಹರಿಯಬಿಡುವ ಶಕ್ತಿ, ಹಿಡಿದ ಕೊಳೆಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಶಕ್ತಿ ಈ ಮೂರರ ನಡುವೆ ಹೊಂದಾಣಿಕೆ ಬೇಕು. ಬರಿಯ ಸೆಲ್ಯುಲೋಸ್ ಕಾಗದದಲ್ಲಿ ಈ ಹೊಂದಾಣಿಕೆ ಕಷ್ಟ, ಗಾಜಿನ ಎಳೆ ಮತ್ತು ಕೃತಕ ನಾರು ಬೆರೆತ ಮಾಧ್ಯಮದಲ್ಲಿ ಸುಲಭ. ಅದರ ಬೆಲೆಯೂ ಹೆಚ್ಚು. ಇನ್ನೊಂದು ಸತ್ಯವನ್ನೂ ಸೇರಿಸಬೇಕು. ಹೆದ್ದಾರಿಯ ವೇಗದಲ್ಲಿ ಇಂಜಿನ್ನಿನ ಮೂರು ನಾಲ್ಕು ಲೀಟರ್ ಎಣ್ಣೆ ನಿಮಿಷಕ್ಕೆ ಹಲವು ಸಲ ಫಿಲ್ಟರನ್ನು ಹಾದುಬರುತ್ತದೆ. ಒಂದು ಸುತ್ತಿನಲ್ಲಿ ತಪ್ಪಿಸಿಕೊಂಡ ಕಣ ಮುಂದಿನ ಸುತ್ತುಗಳಲ್ಲಿ ಸಿಕ್ಕಿಬೀಳಬಹುದು. ಹೀಗಾಗಿ ಮಧ್ಯಮ ಗುಣಮಟ್ಟದ, ಆದರೆ ಪ್ರಾಮಾಣಿಕವಾಗಿ ತಯಾರಾದ ಫಿಲ್ಟರ್ ಸಾಮಾನ್ಯ ಬಳಕೆಗೆ ಸಾಕು.

ಮೂರನೆಯ ಪ್ರಶ್ನೆ: ಕಟ್ಟಡ ಹೇಗಿದೆ? ಎಣ್ಣೆ ಹಿಂದಿಳಿಯದಂತೆ ತಡೆಯುವ ಪೊರೆ ನೈಟ್ರೈಲ್ ರಬ್ಬರಿನದೋ ಸಿಲಿಕೋನಿನದೋ ಎಂಬುದನ್ನು ತಳದ ತೂತುಗಳಲ್ಲಿ ಇಣುಕಿ ಊಹಿಸಬಹುದು. ನೈಟ್ರೈಲ್ ಹೆಚ್ಚಾಗಿ ಕಪ್ಪು; ಸಿಲಿಕೋನ್ ಬಹಳ ಮಟ್ಟಿಗೆ ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಬರುತ್ತದೆ. ಸಿಲಿಕೋನ್ ಶಾಖಕ್ಕೂ ಚಳಿಗೂ ತನ್ನ ಮೃದುತ್ವವನ್ನು ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ. ಫಿಲ್ಟರ್ ಅಡ್ಡಲಾಗಿಯೋ ತಲೆಕೆಳಗಾಗಿಯೋ ಕೂರುವ ಇಂಜಿನ್ನುಗಳಲ್ಲಿ ಈ ಪೊರೆಯ ಮಹತ್ವ ಹೆಚ್ಚು. ಪೊರೆ ಗಟ್ಟಿಯಾಗಿ ಮುದುರಿದರೆ ರಾತ್ರಿಯಿಡೀ ಎಣ್ಣೆ ಇಳಿದುಹೋಗಿ ಬೆಳಗಿನ ಮೊದಲ ಕ್ಷಣಗಳಲ್ಲಿ ಇಂಜಿನ್ ಒಣಗಿದಂತೆಯೇ ತಿರುಗಬೇಕಾಗುತ್ತದೆ. ಫಿಲ್ಟರ್ ಬಾಯಿ ಮೇಲೆ ಮಾಡಿ ನೇರವಾಗಿ ಕೂರುವ ಕಾರಿನಲ್ಲಿ ಪೊರೆಗೆ ಅಷ್ಟು ಕೆಲಸವಿಲ್ಲ. ಅಂಥವರು ಸಿಲಿಕೋನಿಗೆಂದೇ ಹೆಚ್ಚಿನ ಹಣ ತೆರಬೇಕಿಲ್ಲ. ಉಳಿದಂತೆ ತಳದ ತಟ್ಟೆ ದಪ್ಪವಾಗಿ ಸಮತಟ್ಟಾಗಿದೆಯೇ, ಥ್ರೆಡ್ ಸ್ವಚ್ಛವಾಗಿದೆಯೇ, ಗ್ಯಾಸ್ಕೆಟ್ ತನ್ನ ಗಾಡಿಯಲ್ಲಿ ಭದ್ರವಾಗಿ ಕೂತಿದೆಯೇ ಎಂಬುದನ್ನು ಯಾರು ಬೇಕಾದರೂ ಅಂಗಡಿಯ ಕಟ್ಟೆಯ ಮೇಲೆಯೇ ನೋಡಬಹುದು.

ನಾಲ್ಕನೆಯ ಪ್ರಶ್ನೆ: ಇದರ ಹೊಣೆಗಾರ ಯಾರು? ಇದನ್ನು ವಿವರಿಸಲು ಒಂದು ಇಂಗ್ಲಿಷ್ ವಿಶೇಷಣದ ಜೊತೆ ಸ್ವಲ್ಪ ಜಗಳವಾಡಬೇಕಾಗುತ್ತದೆ. ‘ಜೆನ್ಯುಯಿನ್’ ಎಂಬ ಪದ ನಮ್ಮ ವಾಹನ ಮಾರುಕಟ್ಟೆಯಲ್ಲಿ ‘ಅಸಲಿ’ ಎಂಬ ಅರ್ಥದಲ್ಲಿ ಚಲಾವಣೆಯಲ್ಲಿದೆ. ಅಸಲಿಯ ಎದುರು ಪದ ನಕಲಿ. ಆದ್ದರಿಂದ ಕಾರು ಕಂಪನಿಯ ಪೆಟ್ಟಿಗೆಯಲ್ಲಿ ಬಾರದ ಫಿಲ್ಟರೆಲ್ಲ ನಕಲಿಯೆಂಬ ಭಾವನೆ ಗ್ರಾಹಕನ ಮನಸ್ಸಿನಲ್ಲಿ ತಾನಾಗಿಯೇ ಮೂಡುತ್ತದೆ. ವಾಸ್ತವದಲ್ಲಿ ಕಾರು ಕಂಪನಿಗಳು ಬಹುಮಟ್ಟಿಗೆ ಫಿಲ್ಟರುಗಳನ್ನು ತಾವೇ ತಯಾರಿಸುವುದಿಲ್ಲ. ಫಿಲ್ಟರ್ ಕಂಪನಿಗಳಿಂದ ಮಾಡಿಸಿಕೊಂಡು ತಮ್ಮ ಪೆಟ್ಟಿಗೆಯಲ್ಲಿ ಮಾರುತ್ತವೆ. ಮಾಲೆ, ಮಾನ್ ಹುಮ್ಮೆಲ್, ಬಾಷ್‌ನಂಥ ಜರ್ಮನ್ ಮೂಲದ ಹೆಸರುಗಳಾಗಲಿ, ಫರೀದಾಬಾದಿನ ಎಲೋಫಿಕ್‌ನಂಥ ದೇಶೀಯ ಹೆಸರಾಗಲಿ ತಮ್ಮದೇ ಪೆಟ್ಟಿಗೆಯಲ್ಲೂ ಮಾರಾಟಕ್ಕಿವೆ. ಬಾಷ್ ಎಂದರೆ ಬೆಂಗಳೂರಿನವರಿಗೆ ಆಡುಗೋಡಿಯ ಹಳೆಯ ಮೈಕೋ, ಪರಕೀಯವೇನಲ್ಲ. ಹಾಗಾಗಿ ಇರುವ ವರ್ಗಗಳು ಎರಡಲ್ಲ, ಮೂರು: ಕಾರು ಕಂಪನಿಯ ಹೆಸರಿನದು, ಫಿಲ್ಟರ್ ಕಂಪನಿಯ ಸ್ವಂತ ಹೆಸರಿನದು, ಮತ್ತು ಬೇರೊಬ್ಬರ ಹೆಸರನ್ನು ಕದ್ದದ್ದು. ಮೊದಲೆರಡರ ನಡುವೆ ಆರಿಸುವುದು ವಿವೇಚನೆಯ ವಿಷಯ, ಮೂರನೆಯದು ಅಪರಾಧ. ಈ ಮೂರನ್ನು ಎರಡಾಗಿಸಿ ಮಾತನಾಡುವುದರಿಂದ ಲಾಭ ಯಾರಿಗೆಂದು ಯೋಚಿಸಬೇಕು.

ನಮ್ಮ ದೇಶದಲ್ಲಿ ಈ ಪ್ರಶ್ನೆ ಕಾನೂನಿನ ಕಟ್ಟೆಯನ್ನೂ ಏರಿದೆ. ಬಿಡಿಭಾಗಗಳೂ ದುರಸ್ತಿಯ ಉಪಕರಣಗಳೂ ಸ್ವತಂತ್ರ ಗ್ಯಾರೇಜುಗಳಿಗೆ ಮುಕ್ತವಾಗಿ ಸಿಗದಂತೆ ನೋಡಿಕೊಂಡು ಸ್ಪರ್ಧೆಯನ್ನು ಕುಗ್ಗಿಸಿವೆ ಎಂಬ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮಿಕ್ಕಿದ ದಂಡ ವಿಧಿಸಿತು. ಆ ಆದೇಶ ಆನಂತರ ಮೇಲ್ಮನವಿಗಳನ್ನು ಹತ್ತಿ ನ್ಯಾಯಾಲಯಗಳಲ್ಲಿ ಸುತ್ತಿತು ಎಂಬುದು ಬೇರೆ ವಿಷಯ. ಆದರೆ ಅದು ಎತ್ತಿದ ಪ್ರಶ್ನೆ ಮುಖ್ಯವಾದುದು: ಕಾರನ್ನು ಹಣ ಕೊಟ್ಟು ಕೊಂಡವನಿಗೆ ಅದರ ಬಿಡಿಭಾಗವನ್ನು ಆರಿಸುವ ಸ್ವಾತಂತ್ರ್ಯವಿದೆಯೋ ಇಲ್ಲವೋ? ಇದೆ ಎಂಬುದೇ ನನ್ನ ನಿಲುವು. ಆ ಸ್ವಾತಂತ್ರ್ಯವನ್ನು ಬಳಸುವವನು ಸ್ವಲ್ಪ ಜಾಣನಾಗಿರಬೇಕು. ವಾರಂಟಿಯ ಅವಧಿಯಲ್ಲಿ ಕಾರು ಕಂಪನಿಯ ಪೆಟ್ಟಿಗೆಯ ಫಿಲ್ಟರನ್ನೇ ಹಾಕಿಸಿ ಬಿಲ್ಲುಗಳನ್ನು ಜೋಪಾನ ಮಾಡಿಟ್ಟುಕೊಳ್ಳುವುದು ಲೇಸು. ನೂರಿನ್ನೂರು ರೂಪಾಯಿಯ ವಸ್ತುವಿಗಾಗಿ ಲಕ್ಷ ರೂಪಾಯಿಯ ವಾದವನ್ನು ಮೈಮೇಲೆ ಎಳೆದುಕೊಳ್ಳಬಾರದು. ವಾರಂಟಿ ಮುಗಿದ ಮೇಲೆ ಫಿಲ್ಟರ್ ಕಂಪನಿಗಳ ಸ್ವಂತ ಹೆಸರಿನ ಸರಕನ್ನು ಸಂಕೋಚವಿಲ್ಲದೆ ಪರಿಗಣಿಸಬಹುದು.

ಮೂರನೆಯ ವರ್ಗದ ಮಾತಿಗೆ ಬರೋಣ. ದೆಹಲಿಯ ಕಾಶ್ಮೀರಿ ಗೇಟ್, ಚೆನ್ನೈಯ ಜಿ.ಪಿ. ರಸ್ತೆ, ಪುಣೆಯ ನಾನಾ ಪೇಟ್, ನಮ್ಮ ಬೆಂಗಳೂರಿನ ಜೆ.ಸಿ. ರಸ್ತೆ ಇವು ವಾಹನ ಬಿಡಿಭಾಗಗಳಿಗೆ ಹೆಸರಾದ ಪೇಟೆಗಳು. ತಲೆಮಾರುಗಳಿಂದ ಪ್ರಾಮಾಣಿಕವಾಗಿ ವ್ಯಾಪಾರ ಮಾಡುತ್ತಿರುವವರು ಇಂಥ ಪೇಟೆಗಳಲ್ಲೆಲ್ಲ ಇದ್ದಾರೆ. ಪೇಟೆ ದೊಡ್ಡದಾದಷ್ಟೂ ಕಳ್ಳಮಾಲು ನುಸುಳಲು ಜಾಗವೂ ದೊಡ್ಡದು. ಕದ್ದ ಹೆಸರಿನ ಫಿಲ್ಟರಿನಲ್ಲಿ ಹೊರಗಿನ ಬಣ್ಣ, ಅಕ್ಷರ, ಪೆಟ್ಟಿಗೆ ಎಲ್ಲವೂ ಸರಿಯಾಗಿರುತ್ತವೆ. ಮೋಸವಿರುವುದು ಮಡಿಕೆಗಳ ಎಣಿಕೆಯಲ್ಲಿ, ಅಂಟಿನಲ್ಲಿ, ಸ್ಪ್ರಿಂಗಿನಲ್ಲಿ. ಆ ಮೂರನ್ನೂ ತಗಡು ಮುಚ್ಚಿದೆ. 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯಡಿ ಸುಳ್ಳು ಚಿಹ್ನೆ ಹಾಕುವುದಕ್ಕೂ ಅಂಥ ಸರಕನ್ನು ಮಾರುವುದಕ್ಕೂ ಆರು ತಿಂಗಳಿನಿಂದ ಮೂರು ವರ್ಷಗಳವರೆಗೆ ಸೆರೆಮನೆ, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ ಎಂದಿದೆ. ಆದರೆ ಕಾನೂನು ಬಾಗಿಲು ತಟ್ಟಬೇಕಾದರೆ ಯಾರಾದರೂ ದೂರು ಕೊಡಬೇಕು. ದೂರು ಕೊಡಬೇಕಾದರೆ ಬಿಲ್ಲು ಬೇಕು. ಬಿಲ್ಲಿಲ್ಲದೆ ಇಪ್ಪತ್ತು ರೂಪಾಯಿ ಬಿಡಿಸಿಕೊಂಡವನು ಆ ಇಪ್ಪತ್ತು ರೂಪಾಯಿಗೆ ತನ್ನ ಸಾಕ್ಷ್ಯವನ್ನೇ ಮಾರಿಕೊಂಡಿರುತ್ತಾನೆ.

ಪೆಟ್ಟಿಗೆಯ ಮೇಲೂ ಕಣ್ಣಾಡಿಸಬೇಕು. 2011ರ ಪೊಟ್ಟಣ ಸರಕು ನಿಯಮಗಳ ಪ್ರಕಾರ ತಯಾರಕರ ಇಲ್ಲವೆ ಆಮದುದಾರರ ಹೆಸರು ವಿಳಾಸ, ಗರಿಷ್ಠ ಮಾರಾಟ ಬೆಲೆ, ತಿಂಗಳು ಮತ್ತು ವರ್ಷ, ಗ್ರಾಹಕ ದೂರಿನ ಸಂಪರ್ಕ ಇವು ಪೊಟ್ಟಣದ ಮೇಲಿರಬೇಕು. ಇವುಗಳಲ್ಲಿ ಒಂದು ಕಾಣೆಯಾಗಿದ್ದರೂ ಪ್ರಶ್ನಿಸುವ ಹಕ್ಕು ನಮ್ಮದು. ಅನುಮಾನ ಬಂದರೆ ಅದನ್ನು ತೀರಿಸಿಕೊಳ್ಳುವ ಮಾರ್ಗವೂ ಇದೆ. ಬಳಸಿ ತೆಗೆದ ಹಳೆಯ ಫಿಲ್ಟರನ್ನು ಎಣ್ಣೆ ಬಸಿದ ಮೇಲೆ ಮೆಕ್ಯಾನಿಕ್‌ನಿಂದ ಕತ್ತರಿಸಿಸಿ ಒಳಗನ್ನು ನೋಡಬಹುದು. ಮಡಿಕೆಗಳು ಸಮ ಅಂತರದಲ್ಲಿವೆಯೇ, ಕಾಗದ ಎಲ್ಲಾದರೂ ಹರಿದಿದೆಯೇ, ಮಡಿಕೆಗಳಲ್ಲಿ ಮಿನುಗುವ ಲೋಹದ ಚೂರುಗಳಿವೆಯೇ? ಹತ್ತು ನಿಮಿಷದ ಈ ಶವಪರೀಕ್ಷೆಯಿಂದ ಫಿಲ್ಟರಿನ ಗುಣವೂ ತಿಳಿಯುತ್ತದೆ, ಇಂಜಿನ್ನಿನ ಆರೋಗ್ಯವೂ ತಿಳಿಯುತ್ತದೆ. ಕನ್ನಡದ ‘ಶೋಧಿಸು’ ಎಂಬ ಕ್ರಿಯಾಪದಕ್ಕೆ ಸೋಸು ಎಂಬ ಅರ್ಥವೂ ಉಂಟು, ಹುಡುಕಿ ಪರೀಕ್ಷಿಸು ಎಂಬ ಅರ್ಥವೂ ಉಂಟು. ಶೋಧಕವನ್ನೇ ಶೋಧಿಸುವ ಈ ಕೆಲಸಕ್ಕೆ ಅದು ಹೇಳಿ ಮಾಡಿಸಿದ ಪದ.

ಈಗ ಎರಡನೆಯ ಲಕೋಟೆಯನ್ನು ತೆರೆಯೋಣ. ಸಣ್ಣ ಪೆಟ್ರೋಲ್ ಕಾರಿನ ಫಿಲ್ಟರ್ ಸಾಮಾನ್ಯವಾಗಿ ನೂರಿನ್ನೂರು ರೂಪಾಯಿಗಳ ಆಸುಪಾಸಿನ ವಸ್ತು. ದೊಡ್ಡ ಡೀಸೆಲ್ ಗಾಡಿಗಳಿಗೆ ಅದಕ್ಕಿಂತ ಹೆಚ್ಚು. ನಮ್ಮಲ್ಲಿ ಬಹಳಷ್ಟು ಪೆಟ್ರೋಲ್ ಕಾರುಗಳಿಗೆ 10,000 ಕಿಲೋಮೀಟರ್ ಇಲ್ಲವೆ ಒಂದು ವರ್ಷ, ಯಾವುದು ಮೊದಲೋ ಅದಕ್ಕೆ ಎಣ್ಣೆ ಬದಲಿಸಲು ಹೇಳುತ್ತಾರೆ. ಹತ್ತು ವರ್ಷ ಇಟ್ಟುಕೊಂಡರೆ ಹತ್ತು ಫಿಲ್ಟರ್. ಒಂದೊಂದರಲ್ಲಿ ನೂರು ರೂಪಾಯಿ ಉಳಿಸಿದರೂ ಹತ್ತು ವರ್ಷಕ್ಕೆ ಉಳಿಯುವುದು ಒಂದು ಸಾವಿರ. ಇಂಜಿನ್ ಬಿಚ್ಚಿ ದುರಸ್ತಿ ಮಾಡಿಸಬೇಕಾಗಿ ಬಂದರೆ ಆಗುವ ಖರ್ಚು ಹತ್ತಾರು ಸಾವಿರ. ಹಾಗಾಗಿ ಮೊದಲ ಲಕೋಟೆಯಲ್ಲಿ ಸೋತ ಅಗ್ಗದ ಡಬ್ಬಿಯನ್ನು ಉಳಿತಾಯದ ಹೆಸರಿನಲ್ಲಿ ಸಮರ್ಥಿಸಲಾಗದು. ಮೊದಲ ಲಕೋಟೆಯಲ್ಲಿ ಗೆದ್ದ ನಾಲ್ಕು ಫಿಲ್ಟರುಗಳಿದ್ದರೆ ಅವುಗಳಲ್ಲಿ ಮೂರು ಪಟ್ಟು ದುಬಾರಿಯದನ್ನು ಆರಿಸಲೂ ಕಾರಣವಿಲ್ಲ. ಆ ಹಣದಲ್ಲಿ ಎಣ್ಣೆಯನ್ನು ಎರಡು ತಿಂಗಳು ಮುಂಚೆ ಬದಲಿಸಿದರೆ ಇಂಜಿನ್ನಿಗೆ ಹೆಚ್ಚಿನ ಉಪಕಾರ. ಫಿಲ್ಟರನ್ನು ಎರಡು ಸರ್ವಿಸಿಗೊಮ್ಮೆ ಬದಲಿಸಿದರೆ ಸಾಕೆಂಬ ಸಲಹೆಯನ್ನೂ ನಾನು ಒಪ್ಪಲಾರೆ. ಹಳೆಯ ಡಬ್ಬಿಯೊಳಗೆ ಉಳಿಯುವ ಕಪ್ಪು ಎಣ್ಣೆ ಹೊಸ ಎಣ್ಣೆಯನ್ನು ಮೊದಲ ನಿಮಿಷದಲ್ಲೇ ಮೈಲಿಗೆ ಮಾಡುತ್ತದೆ.

ಇದಕ್ಕೆ ಬರುವ ಆಕ್ಷೇಪಗಳನ್ನೂ ನೋಡಬೇಕು. ಈಗಿನ ಇಂಜಿನ್ನುಗಳು ಗಟ್ಟಿ, ಫಿಲ್ಟರಿನಿಂದ ಯಾರ ಕಾರು ಕೆಟ್ಟಿದೆ ಎಂಬುದು ಒಂದು. ಇದರಲ್ಲಿ ಸತ್ಯಾಂಶವಿದೆ. ಹೆಸರುಳ್ಳ ತಯಾರಕರ ಫಿಲ್ಟರುಗಳ ನಡುವಿನ ಅಂತರ ಸಾಮಾನ್ಯ ಬಳಕೆಯಲ್ಲಿ ಎದ್ದು ಕಾಣುವಂಥದ್ದಲ್ಲ. ಯಾವ ಬ್ರ್ಯಾಂಡ್ ಎಂಬುದಕ್ಕಿಂತ ಸಮಯಕ್ಕೆ ಸರಿಯಾಗಿ ಬದಲಿಸುವುದೇ ಮುಖ್ಯ. ಆದರೆ ನಮ್ಮ ಬಳಕೆ ಸಾಮಾನ್ಯವೇ? ಆರ್.ಕೆ. ಪುರಂನಿಂದಲೋ ಆಂಟೊಪ್ ಹಿಲ್ಲಿನಿಂದಲೋ ಕಚೇರಿಗೆ ಐದಾರು ಕಿಲೋಮೀಟರ್ ತೆವಳುವ ಕಾರಿನ ಇಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಸಿಗ್ನಲಿನಲ್ಲಿ ನಿಂತು ಸುಡುವ ಪೆಟ್ರೋಲನ್ನು ಕಿಲೋಮೀಟರ್ ಲೆಕ್ಕ ಹಿಡಿಯುವುದಿಲ್ಲ. ದೆಹಲಿಯ ಧೂಳು, ಜನವರಿಯ ಚಳಿ, ಹೈದರಾಬಾದಿನ ಮೇ ತಿಂಗಳ ಬಿಸಿಲು, ಮುಂಬಯಿಯ ತೇವ ಇವೆಲ್ಲ ಕಾರಿನ ಕೈಪಿಡಿಗಳು ‘ಕಠಿಣ ಪರಿಸ್ಥಿತಿ’ ಎಂದು ಕರೆಯುವ ಬಳಕೆಗೆ ಸಮೀಪದವು. ವರ್ಷಕ್ಕೆ ನಾಲ್ಕೇ ಸಾವಿರ ಕಿಲೋಮೀಟರ್ ಓಡಿದೆ, ಇನ್ನೊಂದು ವರ್ಷ ಇರಲಿ ಎನ್ನುವ ನಮ್ಮ ಲೆಕ್ಕ ಇಲ್ಲಿ ತಪ್ಪುತ್ತದೆ.

ದೆಹಲಿಯ ಗೆಳೆಯರು ಹೇಳುವ ಇನ್ನೊಂದು ಮಾತಿದೆ: ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಎಂದು 2018ರಲ್ಲಿ ಸುಪ್ರೀಂ ಕೋರ್ಟೇ ಗೆರೆ ಎಳೆದ ಊರಿದು, ಇಂಜಿನ್ನನ್ನು ಇಪ್ಪತ್ತು ವರ್ಷ ಬಾಳಿಸಿ ಏನು ಮಾಡೋಣ? ಆ ಗೆರೆಯ ಮೇಲೆ ಆಮೇಲೆ ನಡೆದ ವಾದವಿವಾದಗಳನ್ನು ಬದಿಗಿಟ್ಟರೂ ನನಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ರಾಜಧಾನಿಯಿಂದ ಹೊರಬಿದ್ದ ಕಾರುಗಳೆಲ್ಲ ಗುಜರಿಗೆ ಹೋಗುವುದಿಲ್ಲ. ಎಷ್ಟೋ ಕಾರುಗಳು ನಿರಾಕ್ಷೇಪಣಾ ಪತ್ರ ಪಡೆದು ಬೇರೆ ರಾಜ್ಯಗಳ ಸಣ್ಣ ಊರುಗಳಿಗೆ ಹೋಗುತ್ತವೆ. ಅಲ್ಲಿ ಅದು ಯಾರದೋ ಮನೆಯ ಮೊದಲ ಕಾರಾಗುತ್ತದೆ, ಯಾರದೋ ಬಾಡಿಗೆ ಗಾಡಿಯಾಗುತ್ತದೆ. ಹೊರನಾಡುಗಳಲ್ಲಿ ಟ್ಯಾಕ್ಸಿ ಓಡಿಸಿ ಬದುಕುವವರಲ್ಲಿ ನಮ್ಮವರೂ ಇದ್ದಾರೆ. ಹಳೆಯ ಗಾಡಿ ಕೊಂಡು ಸಾಲದ ಕಂತು ಕಟ್ಟುವ ಚಾಲಕನಿಗೆ ಇಂಜಿನ್ ಕೆಲಸಕ್ಕೆ ಬಂತೆಂದರೆ ಒಂದು ತಿಂಗಳ ಅನ್ನ ಹೋಯಿತೆಂದೇ ಅರ್ಥ. ನಾವು ಉಳಿಸಿದ ನೂರು ರೂಪಾಯಿಯ ಬಿಲ್ಲು ಅವನ ಕೈಗೆ ಹೋಗುತ್ತದೆ. ನಮ್ಮ ಕಾಲಕ್ಕೆ ಕೆಡದಿದ್ದರೆ ಸಾಕೆಂಬುದು ವ್ಯಾಪಾರದ ಜಾಣತನವಾಗಬಹುದು, ಸಂಭಾವಿತರ ನಡತೆಯಲ್ಲ.

ಇದಕ್ಕೆಲ್ಲ ಸಮಯವೆಲ್ಲಿದೆ, ಮೆಕ್ಯಾನಿಕ್ ನೋಡಿಕೊಳ್ಳುತ್ತಾನೆ ಎನ್ನುವವರಿಗೆ ಮೂರು ಚಿಕ್ಕ ಅಭ್ಯಾಸಗಳನ್ನು ಸೂಚಿಸುತ್ತೇನೆ. ಸರ್ವಿಸಿಗೆ ಕೊಡುವಾಗಲೇ ಹಳೆಯ ಫಿಲ್ಟರನ್ನು ತೋರಿಸಬೇಕೆಂದು ಹೇಳಿ, ಸಾಧ್ಯವಾದರೆ ಅದರ ಮೇಲೆ ಪೆನ್ನಿನಿಂದ ಒಂದು ಗುರುತು ಹಾಕಿಡಿ. ಬಿಲ್ಲಿನಲ್ಲಿ ಮಾತ್ರ ಬದಲಾಗುವ ಫಿಲ್ಟರುಗಳೂ ಲೋಕದಲ್ಲಿವೆ. ಹೊರಗಿನ ಗ್ಯಾರೇಜಾದರೆ ಬಿಲ್ಲಿನೊಂದಿಗೆ ಫಿಲ್ಟರನ್ನು ನೀವೇ ಕೊಂಡೊಯ್ಯಿರಿ. ಕೂರಿಸುವಾಗ ಹಳೆಯ ಗ್ಯಾಸ್ಕೆಟ್ ಇಂಜಿನ್ನಿಗೆ ಅಂಟಿಕೊಂಡು ಉಳಿದಿಲ್ಲವೆಂದು ನೋಡಿಸಿ, ಹೊಸ ಗ್ಯಾಸ್ಕೆಟ್ಟಿಗೆ ಒಂದು ಹನಿ ಹೊಸ ಎಣ್ಣೆ ಸವರಿಸಿ. ಗ್ಯಾಸ್ಕೆಟ್ ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಕೈಯಲ್ಲೇ ಬಿಗಿಸಿದರೆ ಸಾಕು. ಹಳೆಯ ಗ್ಯಾಸ್ಕೆಟ್ಟಿನ ಮೇಲೆ ಹೊಸದು ಕೂತರೆ ಅತ್ಯುತ್ತಮ ಫಿಲ್ಟರೂ ಸೋರುತ್ತದೆ.

ಗ್ರಾಹಕನ ಜಾಣತನಕ್ಕೂ ಒಂದು ಮಿತಿಯಿದೆ. ಆದ್ದರಿಂದ ಕೊನೆಯ ಮಾತು ತಯಾರಕರಿಗೂ ಸರ್ಕಾರಕ್ಕೂ ಸಲ್ಲಬೇಕು. 1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಕಾರಿಗೆ ಎಣ್ಣೆಯ ಫಿಲ್ಟರನ್ನು ರೂಪಿಸಿದಾಗ ‘ಪ್ಯೂರ್ ಆಯಿಲ್ ಲೇಟರ್’ ಎಂಬ ಮೂರು ಪದಗಳನ್ನು ಬೆಸೆದು ‘ಪ್ಯೂರೊಲೇಟರ್’ ಎಂದು ಹೆಸರಿಟ್ಟರು. ಶುದ್ಧಿಯ ಆ ವಾಗ್ದಾನಕ್ಕೆ ನೂರು ವರ್ಷ ತುಂಬಿದೆ. ಎಷ್ಟು ಶುದ್ಧಿ ಎಂಬ ಅಂಕಿಯನ್ನು ಮಾತ್ರ ನಾವು ಅಂಗಡಿಯಲ್ಲಿ ಕೈಗೆತ್ತಿಕೊಳ್ಳುವ ಪೆಟ್ಟಿಗೆಗಳಲ್ಲಿ ಕಾಣುವುದು ಅಪರೂಪ. ಬೆಲೆಯನ್ನು ಮುದ್ರಿಸುವ ಪೆಟ್ಟಿಗೆಯ ಮೇಲೆ ಯಾವ ಗಾತ್ರದ ಕಣವನ್ನು ಶೇಕಡಾ ಎಷ್ಟು ಹಿಡಿಯುತ್ತದೆ, ಬೈಪಾಸ್ ಯಾವ ಒತ್ತಡಕ್ಕೆ ತೆರೆಯುತ್ತದೆ, ಪೊರೆ ಯಾವ ವಸ್ತುವಿನದು ಎಂಬ ಮೂರು ಸಾಲುಗಳಿಗೆ ಜಾಗವಿಲ್ಲವೇ? ಫ್ರಿಜ್ಜಿನ ಬಾಗಿಲ ಮೇಲೆ ನಕ್ಷತ್ರಗಳನ್ನು ಅಂಟಿಸಿ, ವಿದ್ಯುತ್ತಿನ ಲೆಕ್ಕವನ್ನು ಸಾಮಾನ್ಯ ಗೃಹಸ್ಥನಿಗೂ ತಿಳಿಯುವಂತೆ ಮಾಡಿದ ದೇಶ ನಮ್ಮದು. ಪರೀಕ್ಷಾ ವಿಧಾನ ಸಿದ್ಧವಿದೆ, ದೊಡ್ಡ ತಯಾರಕರ ಬಳಿ ಪ್ರಯೋಗಶಾಲೆಗಳಿವೆ. ಮೂರು ಸಾಲು ಮುದ್ರಿಸುವುದನ್ನು ಕಡ್ಡಾಯ ಮಾಡಿದರೆ ಒಳ್ಳೆಯ ತಯಾರಕನಿಗೆ ತನ್ನ ಗುಣವನ್ನು ತೋರಿಸಲು ಅವಕಾಶ ಸಿಗುತ್ತದೆ, ಬಣ್ಣವನ್ನಷ್ಟೇ ಮಾರುವವನಿಗೆ ಉತ್ತರ ಹೇಳಬೇಕಾಗುತ್ತದೆ. ಅಲ್ಲಿಯವರೆಗೆ ಗ್ರಾಹಕನಿಗೆ ಸಿಗುತ್ತಿರುವುದು ಎರಡನೆಯ ಲಕೋಟೆ ಮಾತ್ರ. ಮೊದಲನೆಯದನ್ನು ಅವನು ಅಂಗಡಿಯವನಿಂದ, ಮೆಕ್ಯಾನಿಕ್‌ನಿಂದ, ಕಂಪನಿಯ ದೂರು ವಿಭಾಗದಿಂದ ಕೇಳಿ ಕೇಳಿಯೇ ಪಡೆಯಬೇಕು. ಊರಿನ ದಾರಿ ಹಿಡಿಯುವ ಮೊದಲು ಈ ಸಲ ನಾವು ಕೇಳಲು ತೊಡಗೋಣ.